ಅಂಗಪರಿಷ್ಕರಣ ವಿಚಾರ: ಕೋಲಾರ ಸೀಮೆಯ ದೇವಾಲಯಗಳನ್ನು ಕುರಿತು

ಕೋಲಾರದ ಕೋಲಾರಮ್ಮನ ಗುಡಿಯಲ್ಲಿರುವ ತಮಿಳು ಶಾಸನಗಳ ಪೈಕಿ ಒಂದು, ಒಂದನೆಯ ರಾಜೇಂದ್ರಚೋಳನ ಆಳ್ವಿಕೆಗೆ (ಕ್ರಿ. ಶ. ೧೦೧೪–೧೦೪೪) ಸೇರಿದುದು, ಆ ಗುಡಿಯಲ್ಲಿ ಅದುವರೆಗೆ ಇಟ್ಟಿಗೆಯಿಂದ ಕಟ್ಟಿದ್ದ ಭಾಗಗಳನ್ನು ಅರಸನ ಆಜ್ಞೆಯಂತೆ ಕಲ್ಲಿನಿಂದ ಪುನಃ ಕಟ್ಟಿಸಲಾಯಿತೆಂದು ತಿಳಿಸುತ್ತದೆ. ಕಾರ್ಯವನ್ನು ನಡೆಸಿದವನು ದಂಡನಾಯಕನಾದ ಉತ್ತಮಚೋಳ ಬ್ರಹ್ಮಮಾರಾಯನು. ದೇವಿಗೆ ಅಲ್ಲಿ ಪಿಡಾರಿಯಾರ್ ಎಂಬ ಹೆಸರು. ಊರಿಗೆ ಕುವಳಾಲವೆಂಬ ಹಳೆಯ ಹೆಸರು. ಸುತ್ತಣ ನಾಡಿಗೆ ಚೋಳರು ಇಟ್ಟ ಹೆಸರು ನಿಕರಿಲಿಚೋಳಮಂಡಲ. ಈ ಶಾಸನವು ಬಿ. ಎಲ್. ರೈಸ್ ಮಹಾಶಯರು ೧೯೦೫ರಲ್ಲಿ ಪ್ರಕಟಿಸಿದ ಎಪಿಗ್ರಾಫಿಯ ಕರ್ನಾಟಿಕದ ಹತ್ತನೆಯ ಸಂಪುಟದ ಮೂಲಕ ವಿದ್ವಾಂಸರಿಗೆ ಪರಿಚಿತವಾಗಿದೆ. ಇತಿಹಾಸವನ್ನು ಬರೆದವರು ಇದನ್ನು ಗಂಗರ ಪ್ರಾಚೀನ ರಾಜಧಾನಿಯಲ್ಲಿ ಚೋಳರ ಅಧಿಕಾರವು ನೆಲೆಗೊಂಡುದಕ್ಕೆ ಪ್ರಮಾಣವಾಗಿ ಎತ್ತಿಕೊಂಡು ಮುಂದೆ ಸಾಗಿರುವರು. ಅದು ಸರಿಯೇ. ಆದರೆ ಇಟ್ಟಿಗೆಯು ಕಲ್ಲಾಯಿತೆಂಬ ಆ ಸಣ್ಣ ಮಾತಿನೊಳಗೆ ರಾಜಕೀಯ ಚರಿತ್ರೆಗೆ ಸಂಬಂಧವಿಲ್ಲದ ಇನ್ನೊಂದು ವಿಷಯವು ಅಡಗಿದೆ. ಪೂಜೆ ನಡೆಯುತ್ತಿರುವ ಒಂದು ಗುಡಿಯಲ್ಲಿ, ಉಳಿದ ಭಾಗಗಳು ಇದ್ದಲ್ಲಿಯೇ ಇರುವಾಗ, ಒಂದು ಭಾಗವನ್ನು ಮಾತ್ರ ತೆಗೆದು ಬೇರೆ ದ್ರವ್ಯದಿಂದ ಮಾಡಿ ಅದೇ ಎಡೆಯಲ್ಲಿ ಕೂಡಿಸುವುದು ಹೇಗೆ? ಹಾಗೆ ಮಾಡುವಾಗ ಯಾವ ಅಳತೆಯನ್ನು ಹಿಡಿಯಬೇಕು, ಯಾವುದನ್ನು ಬಿಡಬೇಕು?

ಈ ಪ್ರಶ್ನೆಯು ಮೇಲುನೋಟಕ್ಕೆ ಕಲ್ಲುಕುಟಿಗರಿಗೆ ಮಾತ್ರ ಸೇರಿದುದೆಂದು ತೋರಬಹುದು. ಹಾಗಲ್ಲ. ಅವಯವಗಳಿಂದಾದ ಯಾವ ವಸ್ತುವಿನಲ್ಲಿಯಾದರೂ ಒಂದು ಅವಯವವನ್ನು ತಿದ್ದಿದರೆ ಅವಯವಿಗೆ ಏನಾಗುವುದೆಂಬುದು ನಮ್ಮ ಶಾಸ್ತ್ರಗಳು ಬಹಳ ಕಾಲದಿಂದ ಚರ್ಚಿಸಿಕೊಂಡು ಬಂದಿರುವ ವಿಷಯ. ಇಂದು ಯಂತ್ರಗಳ ನಕ್ಷೆಯನ್ನು ಕಂಪ್ಯೂಟರಿನಲ್ಲಿ ಬರೆಯುವ ಎಂಜಿನಿಯರುಗಳಿಗೂ ದಿನದಿನವೂ ಎದುರಾಗುವ ಪ್ರಶ್ನೆ ಇದೇ.

ಮೊದಲು ಕೋಲಾರಮ್ಮನ ಗುಡಿಯ ವಿಷಯ. ಇಟ್ಟಿಗೆಯ ಗೋಡೆಗೆ ದಪ್ಪ ಹೆಚ್ಚು. ಕಣಶಿಲೆಯ ಗೋಡೆಯು ಅದಕ್ಕಿಂತ ತೆಳ್ಳಗಿದ್ದರೂ ಭಾರವನ್ನು ಹೊರಬಲ್ಲುದು. ದ್ರಾವಿಡ ವಾಸ್ತುಗ್ರಂಥಗಳಲ್ಲಿ ಗರ್ಭಗೃಹದ ಅಗಲವು ವಿಮಾನದ ಹೊರ ಅಗಲದ ಅರ್ಧವೆಂದೋ, ಐದರಲ್ಲಿ ಮೂರು ಪಾಲೆಂದೋ ಹೇಳಿದೆ. ಉಳಿದುದು ಎರಡು ಪಕ್ಕದ ಗೋಡೆಗಳಿಗೆ. ದೃಷ್ಟಾಂತಕ್ಕಾಗಿ ಹೊರ ಅಗಲ ಹದಿನೈದು ಹಸ್ತವೆಂದು ಇಟ್ಟುಕೊಂಡರೆ ಗರ್ಭಗೃಹವು ಒಂಬತ್ತು ಹಸ್ತ, ಒಂದೊಂದು ಗೋಡೆಯು ಮೂರು ಹಸ್ತ. ಈಗ ಮೂರು ಹಸ್ತದ ಇಟ್ಟಿಗೆಯ ಗೋಡೆಯನ್ನು ಕಿತ್ತು ಎರಡು ಹಸ್ತದ ಕಲ್ಲುಗೋಡೆಯನ್ನು ಇಡಬೇಕೆಂದು ಒಬ್ಬನು ಹೊರಟರೆ ಅವನ ಮುಂದೆ ಎರಡು ದಾರಿಗಳು ಇವೆ. ಒಳಗನ್ನು ಇದ್ದಂತೆಯೇ ಬಿಟ್ಟರೆ ಹೊರ ಅಗಲವು ಹದಿಮೂರಕ್ಕೆ ಇಳಿಯುವುದು. ಆಗ ಕೆಳಗಿನ ಅಧಿಷ್ಠಾನವು ಗೋಡೆಗಿಂತ ಸುತ್ತಲೂ ಒಂದು ಹಸ್ತ ಹೆಚ್ಚಾಗಿ ಚಾಚಿಕೊಂಡು ನಿಲ್ಲುವುದು, ಮೇಲಿನ ಪ್ರಸ್ತರಕ್ಕೆ ಆಧಾರ ತಪ್ಪುವುದು. ಹೊರಗನ್ನು ಇದ್ದಂತೆಯೇ ಬಿಟ್ಟರೆ ಒಳ ಅಗಲವು ಹನ್ನೊಂದಕ್ಕೆ ಏರುವುದು. ಆಗ ಗರ್ಭಗೃಹದ ಅಳತೆಯಿಂದ ನಿಶ್ಚಯಿಸಿದ್ದ ಪೀಠವೂ ಮೂರ್ತಿಯ ಎತ್ತರವೂ ಪ್ರಮಾಣಹೀನವಾಗುವುವು. ಒಂದು ಗೋಡೆಯನ್ನು ತಿದ್ದಲು ಹೋಗಿ ದೇವರನ್ನೇ ತಿದ್ದಬೇಕಾದ ಸ್ಥಿತಿ ಬಂದೊದಗಿತು.

ಮೂರನೆಯ ದಾರಿಯೊಂದುಂಟು. ದಕ್ಷಿಣದೇಶದ ಕಲ್ಲುಗುಡಿಗಳಲ್ಲಿ ಗೋಡೆಯ ಒಳಮೈಗೆ ಒಂದು ಸಾಲು, ಹೊರಮೈಗೆ ಒಂದು ಸಾಲು ಕಲ್ಲುಗಳನ್ನಿಟ್ಟು ನಡುವಣ ತೆರಪನ್ನು ಕಲ್ಲುಚೂರು ಮಣ್ಣುಗಳಿಂದ ತುಂಬುವುದು ವಾಡಿಕೆ. ಇದರಿಂದ ಹಳೆಯ ಇಟ್ಟಿಗೆಯ ಗೋಡೆಗಿದ್ದ ದಪ್ಪವೇ ಹೊಸ ಗೋಡೆಗೂ ಉಳಿಯುವುದು. ಒಳ ಅಳತೆಗೂ ಹೊರ ಅಳತೆಗೂ ಭಂಗವಿಲ್ಲ. ದ್ರವ್ಯವು ಮಾತ್ರ ಬದಲಾಯಿತು. ಈ ಪದ್ಧತಿಯನ್ನು ಭಾರ ಹೊರುವ ಸೌಕರ್ಯಕ್ಕಾಗಿ ಕಂಡುಕೊಂಡುದೆಂದು ಸಾಮಾನ್ಯವಾಗಿ ವಿವರಿಸುತ್ತಾರೆ. ಹತ್ತು ಹನ್ನೊಂದನೆಯ ಶತಮಾನಗಳಲ್ಲಿ ಇಟ್ಟಿಗೆಯ ಗುಡಿಗಳನ್ನು ಕಲ್ಲಿಗೆ ಮಾರ್ಪಡಿಸುವ ಕಾರ್ಯವು ಎಷ್ಟು ವ್ಯಾಪಕವಾಗಿ ನಡೆಯಿತೆಂಬುದನ್ನು ನೆನೆದರೆ, ಇದ್ದ ಅಳತೆಯನ್ನು ಉಳಿಸಿಕೊಳ್ಳುವ ಉದ್ದೇಶವೂ ಅದರಲ್ಲಿ ಪಾಲುಗೊಂಡಿರಬಹುದೆಂದು ಊಹಿಸಲು ಅವಕಾಶವಿದೆ.

ಶಾಸ್ತ್ರವು ಏನು ಹೇಳುತ್ತದೆ? ಮಯಮತದ ಮೂವತ್ತೈದನೆಯ ಅಧ್ಯಾಯಕ್ಕೆ ಅನುಕರ್ಮವಿಧಾನವೆಂದು ಹೆಸರು. ಗಣಪತಿಶಾಸ್ತ್ರಿಗಳು ಈ ಗ್ರಂಥವನ್ನು ೧೯೧೯ರಲ್ಲಿ ತಿರುವನಂತಪುರದ ಗ್ರಂಥಮಾಲೆಯಲ್ಲಿ ಅಚ್ಚು ಹಾಕಿಸಿದರು. ಆಮೇಲೆ ಬ್ರೂನೋ ದಾಜ಼ಾಂ ಎಂಬ ಫ್ರೆಂಚ್ ವಿದ್ವಾಂಸರು ಪರಿಷ್ಕರಿಸಿ ಅನುವಾದಿಸಿರುವರು. ಆ ಅಧ್ಯಾಯದ ತಾತ್ಪರ್ಯವಿದು: ಪ್ರಧಾನವಾದ ಮತ್ತು ಅಪ್ರಧಾನವಾದ ಅಂಗಗಳಲ್ಲಿ ಲಕ್ಷಣವು ಇನ್ನೂ ಕಾಣುತ್ತಿರುವ ಆಲಯವನ್ನು ಅದರದೇ ಆದ ದ್ರವ್ಯಗಳಿಂದ ಸರಿಪಡಿಸಬೇಕು, ಎತ್ತರ ಅಗಲಗಳು ಮೊದಲು ಎಷ್ಟಿದ್ದುವೋ ಅಷ್ಟೇ ಇರಬೇಕು, ಕರ್ಣಕೂಟ ಶಾಲಾದಿ ಅಲಂಕಾರಗಳು ಮೊದಲಿನಂತೆಯೇ ಇರಬೇಕು, ಹೊಸದಾಗಿ ಏನನ್ನೂ ಸೇರಿಸಕೂಡದು, ಬಲ್ಲವರನ್ನು ಕೇಳಿ ನಡೆಯಬೇಕು. ಕೆಲಸವು ಗರ್ಭಗೃಹವನ್ನು ಮುಟ್ಟುವುದಾದರೆ ದೇವತೆಗೆ ತರುಣಾಲಯವೆಂಬ ತಾತ್ಕಾಲಿಕವಾದ ಚಿಕ್ಕ ಗುಡಿಯನ್ನು ಏರ್ಪಡಿಸಿ ಪೂಜೆಯನ್ನು ಅಲ್ಲಿ ಮುಂದುವರಿಸಬೇಕು.

ಇಲ್ಲಿ ಒಂದು ಆಕ್ಷೇಪ ಹುಟ್ಟುವುದು ಸಹಜ. ತನ್ನದೇ ಆದ ದ್ರವ್ಯದಿಂದ ಎಂದು ವಿಧಿಯಿರುವಾಗ ಇಟ್ಟಿಗೆಯನ್ನು ಬಿಟ್ಟು ಕಲ್ಲನ್ನು ಹಿಡಿದುದು ವಿಧಿಯ ಉಲ್ಲಂಘನವಲ್ಲವೆ? ಶಿಷ್ಟಾಚಾರವು ಹಾಗೆ ಭಾವಿಸಲಿಲ್ಲ. ಗಂಡರಾದಿತ್ಯ ಚೋಳನ ರಾಣಿಯಾದ ಸೆಂಬಿಯನ್ ಮಹಾದೇವಿಯು ಹತ್ತನೆಯ ಶತಮಾನದಲ್ಲಿ ಕಾವೇರಿಯ ಬಯಲಿನ ಅನೇಕ ಇಟ್ಟಿಗೆಯ ಗುಡಿಗಳನ್ನು ಕಲ್ಲಿನವನ್ನಾಗಿ ಮಾಡಿಸಿದಳು. ಅದನ್ನು ಪುಣ್ಯಕಾರ್ಯವೆಂದೇ ಶಾಸನಗಳು ಕೊಂಡಾಡುವುವು. ದ್ರವ್ಯವು ಮೊದಲಿಗಿಂತ ಮೇಲಾದುದಾದರೆ ದೋಷವಿಲ್ಲವೆಂಬುದು ಆ ಕಾಲದ ಆಚಾರದ ಇಂಗಿತವಾಗಿರಬೇಕು. ಮೇಲಾದುದನ್ನು ತೆಗೆದು ಕೀಳಾದುದನ್ನು ಇಡುವುದು ಬೇರೆಯ ಮಾತು. ಮಾಲೂರಿನ ಇಟ್ಟಿಗೆಗೂ ಹೆಂಚಿಗೂ ಈಗಲೂ ಹೆಸರಿದೆ. ಆ ಸೀಮೆಯ ಮಣ್ಣು ಅಂಥದು. ಅಲ್ಲಿನ ಇಟ್ಟಿಗೆಯಿಂದ ಮನೆ ಕಟ್ಟಿದವರಿಗೆ ಇಟ್ಟಿಗೆಯ ಮೇಲೆ ಗೌರವ ಕಡಿಮೆಯಾಗಬೇಕಾದುದಿಲ್ಲ. ಆಯುಷ್ಯದಲ್ಲಿ ಮಾತ್ರ ಅದು ಕಲ್ಲಿಗೆ ಸರಿಗಟ್ಟಲಾರದು.

ಇದನ್ನೇ ಮೀಮಾಂಸೆಯ ಪರಿಭಾಷೆಯಲ್ಲಿ ಹೇಳಿದರೆ ವಿಷಯವು ಇನ್ನೂ ನಿಚ್ಚಳವಾಗುವುದು. ಜೈಮಿನಿಯ ಹನ್ನೆರಡು ಅಧ್ಯಾಯಗಳಲ್ಲಿ ಏಳನೆಯದೂ ಎಂಟನೆಯದೂ ಅತಿದೇಶಕ್ಕೆ, ಒಂಬತ್ತನೆಯದು ಊಹಕ್ಕೆ, ಹತ್ತನೆಯದು ಬಾಧಕ್ಕೆ ಮೀಸಲು. ಒಂದು ಪ್ರಕೃತಿಯಾಗದಲ್ಲಿ ವಿಧಿಸಿದ ಅಂಗಗಳು ಅದರ ವಿಕೃತಿಗೆ ಅತಿದೇಶದಿಂದ ತಾವಾಗಿ ಬರುವುವು. ಆಗ್ನೇಯದಿಂದ ಸೌರ್ಯಚರುವಿಗೆ ಮಂತ್ರವು ಬಂದಾಗ ಅಗ್ನಿಯ ಹೆಸರಿದ್ದ ಎಡೆಯಲ್ಲಿ ಸೂರ್ಯನ ಹೆಸರನ್ನಿಟ್ಟು ಮಂತ್ರದ ಉಳಿದ ಪದಗಳನ್ನು ಹಾಗೆಯೇ ಹೇಳಬೇಕು; ಇದು ಊಹ. ಕೃಷ್ಣಲವೆಂಬ ಚಿನ್ನದ ತುಣುಕುಗಳಿಂದ ಮಾಡುವ ಚರುವಿನಲ್ಲಿ ಭತ್ತವನ್ನು ಕುಟ್ಟುವ ಅವಘಾತವು ಬೇಕಿಲ್ಲ, ಏಕೆಂದರೆ ಚಿನ್ನಕ್ಕೆ ಹೊಟ್ಟಿಲ್ಲ, ಪ್ರಯೋಜನವು ಲೋಪವಾದುದರಿಂದ ಅಂಗವೂ ಲೋಪವಾಯಿತು, ಇದು ಬಾಧ. ಕೋಲಾರಮ್ಮನ ಗುಡಿಯಲ್ಲಿ ಇಟ್ಟಿಗೆಯ ಸ್ಥಾನಕ್ಕೆ ಕಲ್ಲು ಬಂದುದು ಊಹದಂತಿದೆ. ಇಟ್ಟಿಗೆಗೆ ಅವಶ್ಯವಾಗಿದ್ದ ಸುಧೆಯ ಲೇಪವು ಕಲ್ಲಿಗೆ ಬೇಡವಾದುದು ಬಾಧದಂತಿದೆ. ಗೋಡೆಯ ಅಳತೆಯು ಹಾಗೆಯೇ ಉಳಿದುದು, ಮಂತ್ರದ ಉಳಿದ ಪದಗಳು ಹಾಗೆಯೇ ಉಳಿದಂತೆ. ಯಾಗಕ್ಕೂ ಗುಡಿಗೂ ಈ ಸಾದೃಶ್ಯವನ್ನು ಇದಕ್ಕಿಂತ ಎಳೆಯುವುದು ಉಚಿತವಲ್ಲ. ಯಾಗದಲ್ಲಿ ಪ್ರಕೃತಿಯೂ ವಿಕೃತಿಯೂ ಬೇರೆ ಬೇರೆ ಕರ್ಮಗಳು. ಗುಡಿಯಾದರೋ ಒಂದೇ, ಅದು ನಿಂತಿರುವಂತೆಯೇ ತಿದ್ದಿಸಿಕೊಳ್ಳುತ್ತದೆ.

ನಿಂತಿರುವಂತೆಯೇ ತಿದ್ದುವ ಈ ಕ್ರಮಕ್ಕೆ ಅತ್ಯಂತ ಸಮೀಪವಾದ ದೃಷ್ಟಾಂತವು ಇತ್ತೀಚಿನ ಯಂತ್ರಶಿಲ್ಪದಲ್ಲಿ ದೊರೆಯುತ್ತದೆ. ೧೯೬೩ರಲ್ಲಿ ಅಮೆರಿಕದ ಮ್ಯಾಸಚೂಸೆಟ್ಸ್ ತಂತ್ರವಿದ್ಯಾಸಂಸ್ಥೆಗೆ ಐವಾನ್ ಸದರ್ಲೆಂಡ್ ಎಂಬವರು ಒಪ್ಪಿಸಿದ ಪ್ರಬಂಧದಲ್ಲಿ ಸ್ಕೆಚ್‌ಪ್ಯಾಡ್ ಎಂಬ ವ್ಯವಸ್ಥೆಯ ವಿವರಣೆಯಿದೆ. ಟಿಎಕ್ಸ್-೨ ಎಂಬ ಕಂಪ್ಯೂಟರಿನ ಪರದೆಯ ಮೇಲೆ ಬೆಳಕಿನ ಲೇಖನಿಯಿಂದ ಚಿತ್ರವನ್ನು ಬರೆಯುವುದು ಅದರ ಕೆಲಸ. ಅದರಲ್ಲಿ ಒಂದು ಮೂಲಚಿತ್ರವನ್ನು ಬರೆದು ಅದರ ಪ್ರತಿಕೃತಿಗಳನ್ನು ಎಷ್ಟು ಬೇಕಾದರೂ ಇಡಬಹುದಾಗಿತ್ತು. ಮೂಲವನ್ನು ತಿದ್ದಿದೊಡನೆ ಪ್ರತಿಕೃತಿಗಳೆಲ್ಲವೂ ತಾವಾಗಿ ತಿದ್ದಿಕೊಳ್ಳುತ್ತಿದ್ದುವು. ಅತಿದೇಶವನ್ನು ಯಂತ್ರಕ್ಕೆ ಕಲಿಸಿದಂತೆ! ೧೯೮೮ರಲ್ಲಿ ಪ್ಯಾರಾಮೆಟ್ರಿಕ್ ಟೆಕ್ನಾಲಜಿ ಕಾರ್ಪೊರೇಷನ್ ಎಂಬ ಸಂಸ್ಥೆಯು ಹೊರತಂದ ಪ್ರೊ-ಎಂಜಿನಿಯರ್ ಎಂಬ ಸಾಧನವು ಘನವಸ್ತುಗಳನ್ನು ಅಳತೆಗಳ ಪರಸ್ಪರ ಸಂಬಂಧದಿಂದ ರೂಪಿಸುವ ಪದ್ಧತಿಯನ್ನು ಬಳಕೆಗೆ ತಂದಿತು. ೧೯೯೫ರಲ್ಲಿ ಬಂದ ಸಾಲಿಡ್‌ವರ್ಕ್ಸ್ ಮೊದಲಾದುವು ಇದೇ ಹಾದಿಯಲ್ಲಿ ಬೆಳೆದುವು.

ಇವುಗಳಲ್ಲಿ ಭಾಗಗಳನ್ನು ಬೇರೆ ಬೇರೆ ರಚಿಸಿ ಕೂಡಿಸಿದ ಸಮುದಾಯಕ್ಕೆ ಅಸೆಂಬ್ಲಿಯೆಂದು ಹೆಸರು. ಒಂದು ಭಾಗವನ್ನು ಸಮುದಾಯದಿಂದ ಹೊರಗೆ ತೆಗೆದು ಏಕಾಂತದಲ್ಲಿ ತಿದ್ದಬಹುದು. ಇಲ್ಲವೆ ಸಮುದಾಯದಲ್ಲಿ ಅದು ಕುಳಿತಿರುವ ಎಡೆಯಲ್ಲಿಯೇ ತಿದ್ದಬಹುದು. ಎರಡನೆಯ ಕ್ರಮದಲ್ಲಿ ತಿದ್ದುವ ಭಾಗವು ಸ್ಪಷ್ಟವಾಗಿ ಕಾಣುತ್ತಿರಲು ನೆರೆಯ ಭಾಗಗಳು ಮಸುಕಾಗಿ ಸುತ್ತಲೂ ನಿಂತಿರುವುವು. ನೆರೆಯ ಭಾಗದ ಅಂಚನ್ನೋ ರಂಧ್ರವನ್ನೋ ಆಧಾರವಾಗಿ ಹಿಡಿದು ಈ ಭಾಗದ ಅಂಚನ್ನು ಬರೆದರೆ ಆ ಆಧಾರಸಂಬಂಧವನ್ನು ಯಂತ್ರವು ನೆನಪಿಟ್ಟುಕೊಳ್ಳುತ್ತದೆ. ಮುಂದೆ ನೆರೆಯದು ಸರಿದರೆ ಇದೂ ಅದರೊಡನೆ ಸರಿಯುವುದು. ಅನುಕೂಲವು ಪ್ರತ್ಯಕ್ಷ. ಅಪಾಯವೂ ಪ್ರತ್ಯಕ್ಷವೇ. ಅದೇ ಭಾಗವು ಬೇರೊಂದು ಯಂತ್ರದಲ್ಲಿಯೂ ಬಳಕೆಯಲ್ಲಿದ್ದರೆ ಇಲ್ಲಿ ಮಾಡಿದ ತಿದ್ದುಪಡಿಯು ತಿಳಿಯದೆಯೇ ಅಲ್ಲಿಗೂ ಹೋಗಿ ನಿಲ್ಲುವುದು. ಮೊದಲನೆಯದು ಎರಡನೆಯದರ ಅಳತೆಯನ್ನು ಆಶ್ರಯಿಸಿ, ಎರಡನೆಯದು ಮೂರನೆಯದನ್ನು ಆಶ್ರಯಿಸಿ, ಮೂರನೆಯದು ಮರಳಿ ಮೊದಲನೆಯದನ್ನೇ ಆಶ್ರಯಿಸಿದರೆ ಯಂತ್ರವು ಉತ್ತರ ಕಾಣದೆ ದೋಷವನ್ನು ಸೂಚಿಸಿ ನಿಲ್ಲುವುದು. ತರ್ಕಶಾಸ್ತ್ರವನ್ನು ಓದಿದವರಿಗೆ ಇದು ಹೊಸದಲ್ಲ; ಎರಡರ ನಡುವೆ ಆದರೆ ಅನ್ಯೋನ್ಯಾಶ್ರಯ, ಮೂರರ ನಡುವೆ ಸುತ್ತಿದರೆ ಚಕ್ರಕ. ಆದುದರಿಂದ ಅನುಭವಿಗಳಾದ ನಕ್ಷೆಗಾರರು ಸಮುದಾಯದಲ್ಲಿ ಒಂದು ಭಾಗವನ್ನು ಅಚಲವಾಗಿ ನೆಲೆಗೊಳಿಸಿ, ಉಳಿದುವುಗಳ ಆಧಾರಸಂಬಂಧಗಳು ಅದರ ಕಡೆಗೆ ಮಾತ್ರ ಹರಿಯುವಂತೆ ಎಚ್ಚರ ವಹಿಸುವರು.

ಗುಡಿಯಲ್ಲಿ ಆ ಅಚಲವಾದ ಭಾಗವು ಗರ್ಭಗೃಹ; ಇನ್ನೂ ಸೂಕ್ಷ್ಮವಾಗಿ ಹೇಳಬೇಕಾದರೆ ಅದರ ನಡುವೆ ಹಾಯುವ ಬ್ರಹ್ಮಸೂತ್ರ. ವಿಮಾನದ ಆರು ವರ್ಗಗಳಾದ ಅಧಿಷ್ಠಾನ, ಪಾದ, ಪ್ರಸ್ತರ, ಗ್ರೀವ, ಶಿಖರ, ಸ್ತೂಪಿಗಳ ಎತ್ತರವು ಒಂದೇ ಮೊತ್ತದಿಂದ ಹುಟ್ಟುವುದು. ಏಕತಲ ವಿಮಾನದಲ್ಲಿ ಒಟ್ಟು ಎತ್ತರವನ್ನು ಎಂಟು ಪಾಲು ಮಾಡಿ, ಒಂದು, ಎರಡು, ಒಂದು, ಒಂದು, ಎರಡು, ಒಂದು ಎಂಬ ಕ್ರಮದಲ್ಲಿ ಈ ಆರಕ್ಕೆ ಹಂಚುವರು. ಪಾದವು ನಾಲ್ಕು ಹಸ್ತವಾದರೆ ಅಧಿಷ್ಠಾನವು ಎರಡು, ಒಟ್ಟು ಹದಿನಾರು. ಇಲ್ಲಿ ಯಾವ ಅಂಗವೂ ಇನ್ನೊಂದು ಅಂಗವನ್ನು ನೇರಾಗಿ ಆಶ್ರಯಿಸಿಲ್ಲ. ಎಲ್ಲವೂ ಅಂಗಿಯನ್ನು ಆಶ್ರಯಿಸಿವೆ. ಚಕ್ರಕದೋಷಕ್ಕೆ ಎಡೆಯೇ ಇಲ್ಲ. ಪ್ರಾಚೀನ ಸ್ಥಪತಿಗಳ ಜಾಣ್ಮೆಯು ಅಲಂಕಾರಕ್ಕಿಂತಲೂ ಇಂಥ ಕಡೆಗಳಲ್ಲಿ ಹೆಚ್ಚಾಗಿ ಕಾಣುತ್ತದೆ. ಗುಡಿಯ ಸುತ್ತಲೂ ಹೊಸದಾಗಿ ಚಪ್ಪಡಿಯನ್ನು ಹಾಸಿ ಅಂಗಳವನ್ನು ಒಂದು ಮೊಳ ಎತ್ತರಿಸುವವರು ಇದನ್ನು ಗಮನಿಸುವುದಿಲ್ಲ. ಅವರು ಅಧಿಷ್ಠಾನವನ್ನು ಕೈಯಿಂದ ಮುಟ್ಟಿಲ್ಲವೆಂಬುದು ನಿಜ. ಆದರೆ ಎರಡು ಹಸ್ತವಿದ್ದುದು ಒಂದಾಗಿ ಕಾಣತೊಡಗಿದಾಗ ಕಂಬಗಳು ನೆಲದಿಂದಲೇ ಎದ್ದಂತಾಗಿ ಗುಡಿಯು ಕುಸಿದಂತೆ ತೋರುವುದು. ಇಂಥ ಸೇವೆಗಳು ಭಕ್ತಿಯಿಂದಲೇ ನಡೆಯುವುವೆಂಬುದು ದುಃಖದ ವಿಷಯ.

ಮುಳಬಾಗಿಲು ತಾಲ್ಲೂಕಿನ ಆವನಿಯಲ್ಲಿ ಈ ವಿಚಾರಕ್ಕೆ ಬೇರೊಂದು ಬಗೆಯ ಸಾಮಗ್ರಿಯಿದೆ. ಅಲ್ಲಿನ ರಾಮಲಿಂಗೇಶ್ವರ, ಲಕ್ಷ್ಮಣೇಶ್ವರ, ಭರತೇಶ್ವರ, ಶತ್ರುಘ್ನೇಶ್ವರ ಮೊದಲಾದ ಗುಡಿಗಳ ಸಮೂಹವು ಹತ್ತನೆಯ ಶತಮಾನದ ನೊಳಂಬರ ಕಾಲಕ್ಕೆ ಸೇರಿದುದು. ಆ ಸ್ಥಾನದ ಆಚಾರ್ಯನಾದ ತ್ರಿಭುವನಕರ್ತನು ನಲವತ್ತು ವರ್ಷ ಅಧಿಪತಿಯಾಗಿದ್ದು ಐವತ್ತು ದೇವಾಲಯಗಳನ್ನು ಕಟ್ಟಿಸಿದನೆಂದು ಶಾಸನವು ಸಾರುತ್ತದೆ. ಚೋಳರ ಕಾಲದಲ್ಲಿ ಕೆಲವು ಭಾಗಗಳು ಜೀರ್ಣೋದ್ಧಾರಗೊಂಡುವು. ವಿಜಯನಗರದ ಕಾಲದಲ್ಲಿ ಮತ್ತೆ ಕೆಲವು ಸೇರಿದುವು. ಒಂದೇ ಪ್ರಾಕಾರದೊಳಗೆ ಮೂರು ರಾಜವಂಶಗಳ ಕೈಗಳನ್ನು ಕಾಣಬಹುದು. ಸಮೂಹದಲ್ಲಿ ಅತ್ಯಂತ ಅಲಂಕೃತವಾದ ಲಕ್ಷ್ಮಣೇಶ್ವರದ ಮಂಟಪದ ಛತ್ತಿನಲ್ಲಿ ಅಷ್ಟದಿಕ್ಪಾಲಕರ ನಡುವೆ ಉಮಾಮಹೇಶ್ವರನನ್ನು ಕಂಡರಿಸಿದೆ. ಇಂಥ ಛತ್ತನ್ನು ನೋಡಿದವರಿಗೆ ಎಡೆಯಲ್ಲಿಯೇ ತಿದ್ದುವುದೆಂದರೇನೆಂಬುದು ವಿವರಣೆಯಿಲ್ಲದೆ ಹೊಳೆಯುವುದು. ಅಗ್ನಿಯ ಫಲಕವು ಒಡೆದುಹೋಯಿತೆಂದು ಭಾವಿಸೋಣ. ಹೊಸ ಫಲಕವನ್ನು ಶಿಲ್ಪಿಯು ತನ್ನ ಕಾರ್ಯಶಾಲೆಯಲ್ಲಿ ಕುಳಿತು ಎಷ್ಟೇ ಸುಂದರವಾಗಿ ಕಡೆಯಲಿ, ಅದರ ನಾಲ್ಕು ಅಂಚುಗಳು ನೆರೆಯ ಫಲಕಗಳಿಗೆ ಹೊಂದಬೇಕು, ಕಲ್ಲಿನ ದಪ್ಪವು ತೊಲೆಯ ಮೇಲೆ ಸಮನಾಗಿ ಕೂಡಬೇಕು, ಮೂರ್ತಿಯ ಉಬ್ಬು ನಡುವಣ ಮೂರ್ತಿಯ ಉಬ್ಬನ್ನು ಮೀರಬಾರದು, ಎಲ್ಲಕ್ಕೂ ಮಿಗಿಲಾಗಿ ಅದು ಆಗ್ನೇಯ ದಿಕ್ಕಿನಲ್ಲಿಯೇ ಇರಬೇಕು. ಕೆಳಗೆ ನಿಂತು ಮೇಲೆ ನೋಡುವವನಿಗೆ ಎಡಬಲಗಳು ತಿರುವುಮುರುವಾಗಿ ತೋರುವುದರಿಂದ ನಕ್ಷೆಯನ್ನು ನೆಲದ ಮೇಲೆ ಬರೆದು ಕಡೆಯುವ ಶಿಲ್ಪಿಯು ಎಚ್ಚರ ತಪ್ಪಿದರೆ ಅಗ್ನಿಯು ಈಶಾನ್ಯಕ್ಕೆ ಹೋಗಿ ಕುಳಿತಾನು. ಅಂಥ ಅಗ್ನಿಯು ಸುಂದರನಾಗಿದ್ದೂ ಅಪಾರ್ಥನು.

ಅದೇ ತಾಲ್ಲೂಕಿನ ಕುರುಡುಮಲೆಯ ಸೋಮೇಶ್ವರ ದೇವಾಲಯದ ವಿಷಯದಲ್ಲಿ ಒಂದು ಐತಿಹ್ಯವಿದೆ. ಗುಡಿಯ ಒಂದರ್ಧವನ್ನು ಜಕಣಾಚಾರಿಯೂ ಇನ್ನೊಂದರ್ಧವನ್ನು ಅವನ ಮಗ ಡಂಕಣಾಚಾರಿಯೂ ಕಡೆದರೆಂದೂ, ಮಗನ ಕೈಯ ಕೆಲಸವು ತಂದೆಯದಕ್ಕಿಂತ ನಯವಾದುದೆಂದೂ ಜನ ಹೇಳುವರು. ಬೇಲೂರಿನಲ್ಲಿಯೂ ತುಮಕೂರು ಬಳಿಯ ಕೈದಾಳದಲ್ಲಿಯೂ ಕೇಳಿಬರುವ ಈ ಹೆಸರುಗಳನ್ನು ಚಾರಿತ್ರಿಕ ವ್ಯಕ್ತಿಗಳೆಂದು ಅಂಗೀಕರಿಸಲು ಸಾಕಾದಷ್ಟು ಆಧಾರವಿಲ್ಲ. ಆದರೆ ಐತಿಹ್ಯವು ಸುಳ್ಳಾದರೂ ಅದನ್ನು ಹುಟ್ಟಿಸಿದ ಕಾರಣವು ಸುಳ್ಳಾಗಬೇಕಾಗಿಲ್ಲ. ಒಂದೇ ಗುಡಿಯಲ್ಲಿ ಎರಡು ಬಗೆಯ ಕುಸುರಿಯನ್ನು ಕಂಡ ಜನರು ಎರಡು ಕೈಗಳನ್ನು ಊಹಿಸಿದರು. ಎರಡು ಕೈಗಳಿದ್ದರೂ ಗುಡಿಯು ಒಂದೇ ಆಗಿ ನಿಂತುದನ್ನು ಕಂಡು ಆ ಕೈಗಳಿಗೆ ತಂದೆಮಕ್ಕಳ ಸಂಬಂಧವನ್ನು ಕಲ್ಪಿಸಿದರು. ಅಳತೆಯಲ್ಲಿ ಒಮ್ಮತವಿಲ್ಲದ ಇಬ್ಬರು ಶಿಲ್ಪಿಗಳ ಗುಡಿಯು ಐತಿಹ್ಯವಾಗುವಷ್ಟು ಕಾಲ ನಿಲ್ಲುತ್ತಿರಲಿಲ್ಲ. ಬೇಲೂರಿನ ಕಥೆಯಲ್ಲಿಯಾದರೋ ಮಗನು ತಂದೆಯ ಮೂರ್ತಿಯ ಹೊಟ್ಟೆಯೊಳಗೆ ಕಪ್ಪೆಯಿರುವುದನ್ನು ತೋರಿಸಿಕೊಟ್ಟನೆಂಬುದು ಮುಖ್ಯ; ಅಲ್ಲಿ ದೋಷವು ದ್ರವ್ಯದಲ್ಲಿ, ಪ್ರಮಾಣದಲ್ಲಿ ಅಲ್ಲ.

ಪಟ್ಟಣದ ಹತ್ತಿರದ ವಿರೂಪಾಕ್ಷ ದೇವಾಲಯವನ್ನು ಇಮ್ಮಡಿ ದೇವರಾಯನ ಕಾಲದ ಲಕ್ಕಣ್ಣ ದಂಡೇಶನ ಹೆಸರಿನೊಡನೆ ಜೋಡಿಸುವರು. ರಾಜಧಾನಿಯ ದೇವರ ಹೆಸರು ಸಾಮ್ರಾಜ್ಯದ ಮೂಡಣ ಬಾಗಿಲಿಗೆ ಬಂದುದು ಅತಿದೇಶಕ್ಕೆ ಇನ್ನೊಂದು ಉದಾಹರಣೆಯಾಗಬಹುದು. ಆದರೆ ಅದು ಹೊಸ ರಚನೆಯಾದುದರಿಂದ ಇಲ್ಲಿ ವಿಸ್ತರಿಸಬೇಕಾದುದಿಲ್ಲ. ಕೋಲಾರದ ಸೋಮೇಶ್ವರ ದೇವಾಲಯದ ಎತ್ತರವಾದ ಮಹಾದ್ವಾರವೂ ಕೆತ್ತನೆಯ ಕಂಬಗಳ ಕಲ್ಯಾಣಮಂಟಪವೂ ಪ್ರಧಾನ ವಿಮಾನವನ್ನು ಮುಟ್ಟದೆ ಪ್ರತ್ಯೇಕವಾಗಿ ನಿಂತಿವೆ. ಅದು ಸೇರಿಸುವ ಕ್ರಮ, ತಿದ್ದುವ ಕ್ರಮವಲ್ಲ. ಇನ್ನು ಶ್ರೀನಿವಾಸಪುರ: ಪಾಪನಪಲ್ಲಿಯೆಂದಿದ್ದ ಊರಿಗೆ ದಿವಾನ್ ಪೂರ್ಣಯ್ಯನವರು ತಮ್ಮ ಮಗ ಶ್ರೀನಿವಾಸಮೂರ್ತಿಯ ಹೆಸರನ್ನು ಇಟ್ಟರೆಂದು ಗ್ಯಾಸೆಟಿಯರಿನಲ್ಲಿ ಹೇಳಿದೆ. ಅಲ್ಲಿ ಹೆಸರೆಂಬ ಒಂದು ಅಂಗವು ಬದಲಾಗಿ ಎಲ್ಲೆಕಟ್ಟುಗಳೆಲ್ಲ ಇದ್ದಂತೆಯೇ ಉಳಿದುವು. ೨೦೦೭ರಲ್ಲಿ ಚಿಕ್ಕಬಳ್ಳಾಪುರವು ಬೇರೆ ಜಿಲ್ಲೆಯಾದಾಗ ಇದಕ್ಕೆ ವಿಪರೀತವಾದುದು ನಡೆಯಿತು: ಕೋಲಾರವೆಂಬ ಹೆಸರು ಉಳಿದು ಎಲ್ಲೆಯು ಬದಲಾಯಿತು. ರೈಸರ ಸಂಪುಟವನ್ನು ಇಂದು ಬಳಸುವವರು ಅದ್ದರಿಂದ ಕೊಂಚ ತೊಡಕಿಗೆ ಸಿಕ್ಕುವುದುಂಟು.

ಮಾಲೂರು ತಾಲ್ಲೂಕಿನ ಶಿವಾರಪಟ್ಟಣದಲ್ಲಿ ವಿಶ್ವಕರ್ಮ ಮನೆತನಗಳು ಕಲ್ಲಿನಲ್ಲಿಯೂ ಲೋಹದಲ್ಲಿಯೂ ಮೂರ್ತಿಗಳನ್ನು ಮಾಡುವ ವಿದ್ಯೆಯನ್ನು ವಂಶಪಾರಂಪರ್ಯವಾಗಿ ಉಳಿಸಿಕೊಂಡು ಬಂದಿರುವುವು. ಗುಡಿಯಲ್ಲಿ ಗರ್ಭಗೃಹವು ಹೇಗೋ ಮೂರ್ತಿಯಲ್ಲಿ ಅದರ ಒಟ್ಟು ಎತ್ತರವು ಹಾಗೆ. ಉತ್ತಮ ದಶತಾಲದ ಮೂರ್ತಿಯಾದರೆ ಎತ್ತರವನ್ನು ೧೨೪ ಪಾಲು ಮಾಡುವರು; ಮಧ್ಯಮ ದಶತಾಲಕ್ಕೆ ೧೨೦, ಅಧಮ ದಶತಾಲಕ್ಕೆ ೧೧೬. ಹೀಗೆ ದೊರೆತ ಒಂದು ಪಾಲಿಗೆ ದೇಹಲಬ್ಧಾಂಗುಲವೆಂದು ಹೆಸರು. ಯವದ ಕಾಳುಗಳನ್ನು ಅಳೆದು ಮಾಡುವ ಮಾನಾಂಗುಲವು ಎಲ್ಲ ಮೂರ್ತಿಗಳಿಗೂ ಒಂದೇ. ದೇಹಲಬ್ಧಾಂಗುಲವಾದರೋ ಆಯಾ ಮೂರ್ತಿಗೆ ಸ್ವಂತ. ಆದುದರಿಂದ ಗೇಣುದ್ದದ ಮೂರ್ತಿಗೂ ಆಳೆತ್ತರದ ಮೂರ್ತಿಗೂ ತೊಡೆಯು ಇಪ್ಪತ್ತೇಳು ಅಂಗುಲವೇ, ಜಂಘೆಯು ಇಪ್ಪತ್ತೇಳೇ, ಮೊಣಕಾಲು ನಾಲ್ಕು, ಪಾದದ ಎತ್ತರವೂ ನಾಲ್ಕೇ. ಎತ್ತರವೊಂದನ್ನು ಬದಲಿಸಿದರೆ ಸರ್ವಾಂಗಗಳೂ ಅದಕ್ಕೆ ತಕ್ಕಂತೆ ಬದಲಾಗುವುವು. ಟಿ. ಎ. ಗೋಪಿನಾಥರಾಯರು ೧೯೨೦ರಲ್ಲಿ ತಾಲಮಾನವನ್ನು ಕುರಿತು ಪ್ರಕಟಿಸಿದ ಗ್ರಂಥವು ಈ ವಿಷಯದಲ್ಲಿ ಇಂದಿಗೂ ಉಪಯುಕ್ತವಾಗಿದೆ. ೧೯೮೮ರ ಸಾಧನವು ಅಳತೆಗಳನ್ನು ಸಂಬಂಧಗಳಿಂದ ಕಟ್ಟಿಹಾಕಿದಾಗ ಯಾಂತ್ರಿಕರು ಅದನ್ನು ಕ್ರಾಂತಿಯೆಂದು ಕರೆದರು. ಶಿವಾರಪಟ್ಟಣದ ಆಚಾರಿಯೊಬ್ಬನು ಕೋಲಿನ ಮೇಲೆ ೧೨೪ ಗೆರೆಗಳನ್ನು ಎಳೆದುಕೊಳ್ಳುವಾಗ ಮಾಡುತ್ತಿದ್ದುದೂ ಅದನ್ನೇ. ಕ್ರಾಂತಿಯೆಂಬ ಮಾತು ಅವನಿಗೆ ತೋಚಿರಲಾರದು.

ಆದರೆ ಮೂರ್ತಿಯಲ್ಲಿ ಒಂದು ಅಂಗವು ಭಿನ್ನವಾದರೆ ಅದನ್ನು ತಿದ್ದುವ ವಿಷಯದಲ್ಲಿ ಶಾಸ್ತ್ರವು ಗುಡಿಗಿಂತ ಕಠಿನವಾಗಿದೆ. ಆಯುಧ, ಆಭರಣ, ಪ್ರಭಾವಳಿಗಳಂಥ ಹೊರ ಅಂಗಗಳು ಮುರಿದರೆ ಸರಿಪಡಿಸಬಹುದು. ಶಿರಸ್ಸು ಮೊದಲಾದ ಮುಖ್ಯಾಂಗಗಳು ಮುರಿದರೆ ಆ ಮೂರ್ತಿಯನ್ನು ವಿಸರ್ಜಿಸಿ ಹೊಸದನ್ನು ಪ್ರತಿಷ್ಠಿಸಬೇಕು. ಅಗ್ನಿಪುರಾಣದಲ್ಲಿಯೂ ಜೀರ್ಣೋದ್ಧಾರಕ್ಕೆ ಪ್ರತ್ಯೇಕವಾದ ಅಧ್ಯಾಯಗಳಿವೆ. ಯಾವುದು ಮುಖ್ಯ, ಯಾವುದು ಗೌಣವೆಂಬ ಈ ವಿಭಾಗವು ಅಳತೆಯಿಂದ ಹುಟ್ಟುವುದಿಲ್ಲ. ಕಂಪ್ಯೂಟರಿನ ನಕ್ಷೆಯಲ್ಲಿ ಬೆರಳೂ ಕೊರಳೂ ಎರಡು ಭಾಗಗಳು ಅಷ್ಟೇ. ಎರಡನ್ನೂ ಒಂದೇ ಸುಲಭದಲ್ಲಿ ತಿದ್ದಬಹುದು. ಕೊರಳನ್ನು ತಿದ್ದಿದರೆ ಮೂರ್ತಿಯು ಅದೇ ಮೂರ್ತಿಯಾಗಿ ಉಳಿಯುವುದೋ ಇಲ್ಲವೋ ಎಂಬುದನ್ನು ತಿಳಿಸಬೇಕಾದವನು ನಕ್ಷೆಯ ಹೊರಗಿರುವ ಮನುಷ್ಯನು. ಪುರಾತನ ಸ್ಮಾರಕಗಳನ್ನು ಲೇಸರ್ ಕಿರಣಗಳಿಂದ ಅಳೆದು ಕಂಪ್ಯೂಟರಿನಲ್ಲಿ ಅವುಗಳ ಘನಪ್ರತಿರೂಪವನ್ನು ಇಡುವ ಕ್ರಮವು ಈಗ ಬಳಕೆಯಲ್ಲಿದೆ. ಒಂದು ಕಂಬವನ್ನು ಬದಲಿಸುವ ಮೊದಲು ಆ ಪ್ರತಿರೂಪದಲ್ಲಿ ಬದಲಿಸಿ ನೋಡಬಹುದಾದುದು ದೊಡ್ಡ ಉಪಕಾರವೇ. ಹಿಂದಿನವರಿಗೆ ಇಂಥ ಪರೀಕ್ಷೆಗೆ ಅವಕಾಶವಿರಲಿಲ್ಲ. ಕಲ್ಲನ್ನು ಒಮ್ಮೆ ಕಡಿದರೆ ಕಡಿದಂತೆಯೇ.

ಕಂಬದ ವಿಷಯವನ್ನು ಸ್ವಲ್ಪ ವಿವರಿಸುವುದು ಯುಕ್ತ. ಮಂಟಪದ ಕಂಬವೊಂದು ಬಿರಿದರೆ ಅದನ್ನು ತೆಗೆಯುವುದಕ್ಕೆ ಮುಂಚೆ ಅದು ಹೊತ್ತಿರುವ ತೊಲೆಗಳಿಗೆ ಎರಡು ಕಡೆಗಳಲ್ಲಿಯೂ ಮರದ ಊರೆಗಳನ್ನು ಕೊಟ್ಟು ಭಾರವನ್ನು ಅವುಗಳ ಮೇಲಕ್ಕೆ ಕೂದಲೆಳೆಯಷ್ಟು ಎತ್ತಿಕೊಳ್ಳಬೇಕು. ಹೆಚ್ಚಾಗಿ ಎತ್ತಿದರೆ ಮೇಲಿನ ಚಪ್ಪಡಿಗಳ ಸಂದುಗಳು ಬಿಚ್ಚಿಕೊಂಡು ಮಳೆನೀರು ಇಳಿಯುವುದು. ಕಡಿಮೆಯಾಗಿ ಎತ್ತಿದರೆ ಬೋದಿಗೆಯು ಕಂಬದ ತಲೆಯಿಂದ ಬಿಡಿಸಿಕೊಳ್ಳದು. ಹೊಸ ಕಂಬದ ಎತ್ತರವನ್ನು ಹಳೆಯ ಕಂಬದಿಂದ ಅಳೆದರೆ ತಪ್ಪಾದೀತು, ಏಕೆಂದರೆ ಬಿರಿದ ಕಂಬವು ಶತಮಾನಗಳ ಭಾರದಿಂದ ಕೆಳಗಿನ ಪೀಠದೊಡನೆ ಕುಗ್ಗಿರಬಹುದು. ನೆರೆಯ ಕಂಬದಿಂದ ಅಳೆದರೂ ತಪ್ಪಾದೀತು, ಅದು ಬೇರೆ ರೀತಿಯಲ್ಲಿ ಕುಗ್ಗಿರಬಹುದು. ಪೀಠದ ಮೇಲ್ಮೈಯಿಂದ ಬೋದಿಗೆಯ ತಳಕ್ಕೆ ಈಗ ಇರುವ ತೆರಪನ್ನೇ ಅಳೆಯಬೇಕು. ಶಾಸ್ತ್ರವು ಹೇಳಿದ ಪ್ರಮಾಣವು ಒಂದು, ಕಟ್ಟಿದಾಗಿದ್ದ ಅಳತೆಯು ಒಂದು, ಇಂದು ನಿಂತಿರುವ ಅಳತೆಯು ಮತ್ತೊಂದು. ಕಂಬವು ಕೂಡಬೇಕಾದುದು ಮೂರನೆಯದರೊಳಗೆ. ಮಯಮತವು ಬಲ್ಲವರನ್ನು ಕೇಳಿ ನಡೆಯಬೇಕೆಂದು ವಿಧಿಸಿದುದಕ್ಕೆ ಇಂಥ ಸಂದರ್ಭಗಳೇ ಕಾರಣವಾಗಿರಬೇಕು.

ಅಂಗವು ಹೊಸದಾದಾಗ ಹಳೆಯ ಅಂಗದ ಮೇಲಿದ್ದ ಬರೆಹದ ಗತಿಯೇನು ಎಂಬ ಮತ್ತೊಂದು ಪ್ರಶ್ನೆಯಿದೆ. ತಿರುಕ್ಕೋಡಿಕಾವಲ್ ಎಂಬಲ್ಲಿ ಸೆಂಬಿಯನ್ ಮಹಾದೇವಿಯು ಗುಡಿಯನ್ನು ಕಲ್ಲಿನಿಂದ ಕಟ್ಟಿಸಿದಾಗ, ಅಲ್ಲಿದ್ದ ಹಳೆಯ ಶಾಸನಗಳನ್ನು ಹೊಸ ಗೋಡೆಯ ಮೇಲೆ ಪ್ರತಿ ಮಾಡಿಸಿದಳು. ಇವು ಹಳೆಯ ಕಲ್ಲುಗಳ ಪ್ರತಿಗಳೆಂದು ಆ ಬರೆಹಗಳಲ್ಲಿಯೇ ಒಪ್ಪಿಕೊಂಡಿದೆ. ಗ್ರಂಥಸಂಪಾದನೆಯಲ್ಲಿ ತೊಡಗಿರುವವರು ಇದನ್ನು ಮೆಚ್ಚದಿರಲಾರರು. ಕೋಲಾರಮ್ಮನ ಗುಡಿಯಲ್ಲಿ ಅಂಥ ಪ್ರತಿಗಳಿಗೆ ಪ್ರಸಕ್ತಿಯು ಕಡಿಮೆ, ಏಕೆಂದರೆ ಗಾರೆ ಬಳಿದ ಇಟ್ಟಿಗೆಯ ಗೋಡೆಯು ದೀರ್ಘಶಾಸನಗಳನ್ನು ಕಂಡರಿಸಲು ತಕ್ಕುದಲ್ಲ. ಕಲ್ಲಿನ ಗೋಡೆಯು ಬಂದ ಮೇಲೆ ಆ ಅನುಕೂಲವು ಒದಗಿತು. ಕುಲೋತ್ತುಂಗಚೋಳನ ಆಳ್ವಿಕೆಯ ಆರಂಭದಲ್ಲಿ, ಕ್ರಿ. ಶ. ೧೦೭೧–೭೨ರ ಸುಮಾರಿನಲ್ಲಿ, ಅಧಿಕಾರಿಯೊಬ್ಬನು ಗುಡಿಯ ಆಯವ್ಯಯಗಳನ್ನು ಪರಿಶೀಲಿಸಿ ಸೇವೆಗಳಿಗೆ ಸಲ್ಲಬೇಕಾದುದನ್ನು ಗೊತ್ತುಪಡಿಸಿದ ವಿವರವು ಅಲ್ಲಿ ಕಲ್ಲಿನ ಮೇಲೆ ಸವಿಸ್ತರವಾಗಿ ಕೆತ್ತಲ್ಪಟ್ಟಿದೆ. ಬ್ರಹ್ಮಮಾರಾಯನು ಗೋಡೆಯನ್ನು ಬದಲಿಸಿದುದು ಗುಡಿಯು ಬಾಳಲೆಂದು. ಆ ಗೋಡೆಯೇ ಲೆಕ್ಕದ ಕಡತವೂ ಆಗುವುದೆಂದು ಅವನು ಎಣಿಸಿದ್ದನೆಂದು ಹೇಳುವುದಕ್ಕೆ ಆಧಾರವಿಲ್ಲ.